ಬೆಳಕಿನ ಗಣಿತ ಬರೆದ ಚಂದ್ರಶೇಖರ್

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ ಮಡಿವಾಳದ ಕೆರೆ ಇದೆ. ಇಳಿಹೊತ್ತಿನಲ್ಲಿ ಅದರ ದಂಡೆಯ ಮೇಲೆ ನಿಂತವರಿಗೆ ನೀರಿನ ಥಳಥಳಿಸುವ ಹೊಳಪಿನಿಂದ ಕಣ್ಣು ಕೋರೈಸುತ್ತದೆ; ನೀರೊಳಗೆ ಏನಿದೆಯೆಂಬುದು ಕಾಣುವುದಿಲ್ಲ. ಬಿಸಿಲಿಗೆ ಧರಿಸುವ ಒಂದು ಬಗೆಯ ಕಪ್ಪು ಕನ್ನಡಕವನ್ನು ಹಾಕಿಕೊಂಡು ನೋಡಿದರೆ ಆ ಹೊಳಪು ಬಹುಮಟ್ಟಿಗೆ ಅಳಿಸಿಹೋಗಿ ನೀರಿನ ಬಣ್ಣ ತಾನೇ ತಾನಾಗಿ ತೋರುತ್ತದೆ. ತಲೆಯನ್ನು ಪಕ್ಕಕ್ಕೆ ವಾಲಿಸಿದೊಡನೆ ಹೊಳಪು ಮತ್ತೆ ಮೂಡುತ್ತದೆ.

ಇದಕ್ಕೆ ಕಾರಣ ಬೆಳಕಿನ ಒಂದು ಗುಣ. ಬೆಳಕು ಅಲೆಯಾಗಿ ಸಾಗುವಾಗ ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುತ್ತದೆ. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಈ ಕಂಪನವು ಎಲ್ಲ ಅಡ್ಡ ದಿಕ್ಕುಗಳಲ್ಲಿಯೂ ಸಮನಾಗಿರುತ್ತದೆ. ಅದೇ ಬೆಳಕು ನೀರಿನ ಮೇಲ್ಮೈಗೆ ತಾಗಿ ಚಿಮ್ಮಿದಾಗ ಕಂಪನವು ಹೆಚ್ಚಾಗಿ ಒಂದೇ ದಿಕ್ಕಿಗೆ ಒಲಿಯುತ್ತದೆ. ಹೀಗೆ ಒಂದು ದಿಕ್ಕಿಗೆ ಒಲಿದ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. 1808ರಲ್ಲಿ ಪ್ಯಾರಿಸ್ಸಿನ ಮಾಲೂಸ್ ಎಂಬ ವಿಜ್ಞಾನಿಯು ಎದುರಿನ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಹರಳೊಂದರ ಮೂಲಕ ನೋಡುತ್ತಿದ್ದಾಗ ಇದು ಮೊದಲು ಗಮನಕ್ಕೆ ಬಂತು. ಸ್ವಲ್ಪ ಕಾಲದಲ್ಲಿಯೇ ಅರಾಗೋ ಎಂಬುವರು ನೀಲಿ ಆಕಾಶದ ಬೆಳಕೂ ಧ್ರುವೀಕೃತವಾಗಿದೆಯೆಂದು ಕಂಡುಕೊಂಡರು.

ಮಡಿವಾಳದ ಕೆರೆಯಿಂದ ಹೆಚ್ಚು ದೂರವಿಲ್ಲದ ಕೋರಮಂಗಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದೆ. ಅನ್ಯ ನಕ್ಷತ್ರಗಳನ್ನು ಸುತ್ತುತ್ತಿರುವ ಗ್ರಹಗಳಿಂದ ಹೊರಟ ಬೆಳಕು ಎಷ್ಟು ಧ್ರುವೀಕೃತವಾಗಿರಬೇಕು, ಅದರಿಂದ ಆ ಗ್ರಹಗಳ ಬಗೆಗೆ ಏನನ್ನು ತಿಳಿಯಬಹುದು ಎಂಬ ಲೆಕ್ಕಗಳನ್ನು ಇಲ್ಲಿಯ ವಿಜ್ಞಾನಿಗಳು ಮಾಡಿದ್ದಾರೆ. ಆ ಲೆಕ್ಕಗಳ ಬುನಾದಿಯಾದ ಗಣಿತವನ್ನು ಹಾಕಿಕೊಟ್ಟವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರು ಅದನ್ನು ಬರೆದ ಕಾಲದಲ್ಲಿ ಸೂರ್ಯನಂಥ ಬೇರೊಂದು ನಕ್ಷತ್ರಕ್ಕೆ ಗ್ರಹವಿದೆಯೆಂದು ಯಾರೂ ಕಂಡಿರಲಿಲ್ಲ.

ಚಂದ್ರಶೇಖರ್ ಅವರು 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಜನಿಸಿದರು. ತಂದೆ ಸುಬ್ರಹ್ಮಣ್ಯ ಅಯ್ಯರ್ ಅವರು ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದರು. ತಾಯಿ ಸೀತಾಲಕ್ಷ್ಮಿಯವರು ಇಬ್ಸನ್ನನ ನಾಟಕವೊಂದನ್ನು ತಮಿಳಿಗೆ ತಂದ ವಿದ್ಯಾವಂತೆ. ಹತ್ತು ಮಂದಿ ಮಕ್ಕಳಲ್ಲಿ ಚಂದ್ರಶೇಖರ್ ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ಹನ್ನೆರಡನೆಯ ವಯಸ್ಸಿನವರೆಗೆ ಅವರಿಗೆ ಮನೆಯೇ ಪಾಠಶಾಲೆಯಾಗಿತ್ತು. 1918ರಲ್ಲಿ ಕುಟುಂಬವು ಮದರಾಸಿಗೆ ಬಂದು ನೆಲೆಸಿತು. ತಿರುವಲ್ಲಿಕೇಣಿಯ ಹಿಂದೂ ಪ್ರೌಢಶಾಲೆಯಲ್ಲಿ ಓದಿ, ಹದಿನೈದನೆಯ ವಯಸ್ಸಿಗೆ ಅವರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ತಂದೆಯ ತಮ್ಮನೇ ಸರ್ ಸಿ.ವಿ. ರಾಮನ್. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡ ರಾಮನ್ ಅವರು, ಅದು ಬರಿಯ ಆಕಾಶದ ಪ್ರತಿಬಿಂಬವೆಂಬ ಅಂದಿನ ಮಾತನ್ನು ನಂಬದೆ, ಕೈಯಲ್ಲಿದ್ದ ಧ್ರುವೀಕಾರಕ ಹರಳಿನಿಂದ ಮೇಲ್ಮೈಯ ಹೊಳಪನ್ನು ಅಳಿಸಿ ನೋಡಿದರು. ನೀಲಿ ಮಾಸಲಿಲ್ಲ, ಇನ್ನೂ ಸ್ಪಷ್ಟವಾಯಿತು. ಮಡಿವಾಳದ ದಂಡೆಯ ಮೇಲಿನ ಕನ್ನಡಕ ಮಾಡುವ ಕೆಲಸವೂ ಇದೇ. ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತವೆಯೆಂಬ ಆ ಕಾಣ್ಕೆಯಿಂದ ಹೊರಟ ಸಂಶೋಧನೆಯು 1928ರ ಫೆಬ್ರವರಿಯಲ್ಲಿ ರಾಮನ್ ಪರಿಣಾಮದಲ್ಲಿ ಮುಟ್ಟಿತು. ಆ ವರ್ಷದ ಬೇಸಿಗೆ ರಜೆಯನ್ನು ಹದಿನೇಳರ ಹರೆಯದ ಚಂದ್ರಶೇಖರ್ ಕಲ್ಕತ್ತೆಯಲ್ಲಿ ಚಿಕ್ಕಪ್ಪನ ಪ್ರಯೋಗಶಾಲೆಯಲ್ಲಿ ಕಳೆದರು. ಉಪಕರಣಗಳು ತಮ್ಮ ಕೈಗೆ ಒಗ್ಗುವುದಿಲ್ಲವೆಂದೂ ಕಾಗದ ಮತ್ತು ಲೇಖನಿಯೇ ತಮ್ಮ ಸಾಧನಗಳೆಂದೂ ಅವರಿಗೆ ಆಗಲೇ ಮನವರಿಕೆಯಾಗಿದ್ದಿರಬೇಕು. ಮುಂದಿನ ವರ್ಷವೇ ಅವರ ಲೇಖನವೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಯು ಪ್ರಕಟಿಸಿತು.

1930ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ದೊರೆತು ಇಂಗ್ಲೆಂಡಿಗೆ ಹೊರಡುವ ಸಂದರ್ಭ ಬಂದಾಗ ತಾಯಿ ಕಾಯಿಲೆಯಿಂದ ಮಲಗಿದ್ದರು. ಮಗ ಹಿಂಜರಿದರೂ ಹೋಗಲೇಬೇಕೆಂದು ಒತ್ತಾಯಿಸಿದವರು ತಾಯಿಯೇ. ಜುಲೈ 31ರಂದು ಹಡಗು ಮುಂಬಯಿಯನ್ನು ಬಿಟ್ಟಿತು. ಮರುವರ್ಷದ ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಮಗನಿಗೆ ಅವರನ್ನು ಮತ್ತೆ ನೋಡುವ ಭಾಗ್ಯವಿರಲಿಲ್ಲ.

ಆ ಪ್ರಯಾಣದಲ್ಲಿಯೇ ಚಂದ್ರಶೇಖರ್ ಅವರು ಶ್ವೇತ ಕುಬ್ಜಗಳೆಂಬ ಉರಿದು ಮುಗಿದ ನಕ್ಷತ್ರಗಳ ಬಗೆಗೆ ಲೆಕ್ಕ ಹಾಕಿದರು. ಇಂಥ ನಕ್ಷತ್ರದ ದ್ರವ್ಯರಾಶಿಗೆ ಒಂದು ಮಿತಿಯಿದೆ, ಅದನ್ನು ಮೀರಿದ ನಕ್ಷತ್ರವು ಶ್ವೇತ ಕುಬ್ಜವಾಗಿ ನಿಲ್ಲಲಾರದೆ ಕುಸಿಯುತ್ತ ಹೋಗಬೇಕು ಎಂದು ಆ ಲೆಕ್ಕ ಹೇಳಿತು. ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿಯ ಆ ಗಡಿಯನ್ನು ಈಗ ಚಂದ್ರಶೇಖರ್ ಮಿತಿ ಎಂದು ಕರೆಯುತ್ತಾರೆ. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಕೇಂಬ್ರಿಜ್ಜಿನಲ್ಲಿ ಅವರು ಈ ಲೆಕ್ಕವನ್ನು ಹಲವು ವರ್ಷ ತಿದ್ದಿ ಪೂರ್ಣಗೊಳಿಸಿದರು. ಅಂದಿನ ಖಭೌತವಿಜ್ಞಾನದ ಹಿರಿಯರಾದ ಸರ್ ಆರ್ಥರ್ ಎಡಿಂಗ್ಟನ್ ಅವರು ತರುಣನ ಕೊಠಡಿಗೆ ಮೇಲಿಂದ ಮೇಲೆ ಬಂದು ಕೆಲಸ ಎಲ್ಲಿಯವರೆಗೆ ಬಂತೆಂದು ವಿಚಾರಿಸುತ್ತಿದ್ದರು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರ್ ತಮ್ಮ ಫಲಿತಾಂಶವನ್ನು ಮಂಡಿಸಿ ಕುಳಿತರು. ಅವರ ಹಿಂದೆಯೇ ಎದ್ದ ಎಡಿಂಗ್ಟನ್, ನಕ್ಷತ್ರವೊಂದು ಹೀಗೆ ಹುಚ್ಚಾಗಿ ವರ್ತಿಸಲು ಪ್ರಕೃತಿ ಬಿಡಲಾರದೆಂಬ ಧಾಟಿಯಲ್ಲಿ ಆ ವಾದವನ್ನು ಗೇಲಿ ಮಾಡಿದರು. ಸಭೆ ನಕ್ಕಿತು. ಉತ್ತರ ಹೇಳಲು ಚಂದ್ರಶೇಖರ್ ಅವರಿಗೆ ಅವಕಾಶವೇ ದೊರೆಯಲಿಲ್ಲ. ಅವರ ಲೆಕ್ಕ ಸರಿಯೆಂದು ಬಲ್ಲ ಭೌತವಿಜ್ಞಾನಿಗಳು ಇದ್ದರು. ಆದರೆ ಎಡಿಂಗ್ಟನ್ ಅವರಿಗೆ ಎದುರಾಗಿ ಬಹಿರಂಗವಾಗಿ ಬಾಯಿ ತೆರೆದವರು ಇರಲಿಲ್ಲ.

ಈ ಪ್ರಸಂಗವನ್ನು ಅವರ ಜೀವನದ ದೊಡ್ಡ ಸೋಲೆಂದು ಬಣ್ಣಿಸುವುದು ವಾಡಿಕೆ. ಅದರ ಅನಂತರ ಅವರು ನಡೆದುಕೊಂಡ ರೀತಿಯೇ ಹೆಚ್ಚು ಗಮನಾರ್ಹವಾದುದು. ಅವರು ಜಗಳಕ್ಕೆ ನಿಲ್ಲಲಿಲ್ಲ; ಎಡಿಂಗ್ಟನ್ ಅವರೊಡನೆ ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ತಮಗೆ ತಿಳಿದುದನ್ನೆಲ್ಲ 1939ರಲ್ಲಿ ಒಂದು ಗ್ರಂಥವಾಗಿ ಬರೆದಿಟ್ಟು, ಆ ವಿಷಯವನ್ನು ಅಲ್ಲಿಗೇ ಬಿಟ್ಟು, ಬೇರೊಂದನ್ನು ಮೊದಲಿನಿಂದ ಕಲಿಯತೊಡಗಿದರು. ಮುಂದೆ ಇದೇ ಅವರ ಜೀವನಕ್ರಮವಾಯಿತು. ಒಂದು ಕ್ಷೇತ್ರವನ್ನು ಆರಿಸಿಕೊಳ್ಳುವುದು, ಹಲವು ವರ್ಷ ಅದರಲ್ಲಿ ಮುಳುಗುವುದು, ಕೊನೆಗೆ ಗ್ರಂಥವೊಂದನ್ನು ಬರೆದು ಅದರಿಂದ ಹೊರಬರುವುದು.

ಅಷ್ಟು ಹೊತ್ತಿಗೆ ಅವರು ಅಮೆರಿಕೆಯಲ್ಲಿದ್ದರು. 1936ರಲ್ಲಿ ಮದರಾಸಿನಲ್ಲಿ, ಕಾಲೇಜಿನಲ್ಲಿ ತಮ್ಮ ಸಹಪಾಠಿಯಂತಿದ್ದ ಲಲಿತಾ ದೊರೈಸ್ವಾಮಿಯವರನ್ನು ವಿವಾಹವಾಗಿ, ಮರುವರ್ಷದ ಆರಂಭದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಯರ್ಕೀಸ್ ವೀಕ್ಷಣಾಲಯವನ್ನು ಸೇರಿದರು. ವಿಸ್ಕಾನ್ಸಿನ್ ಸಂಸ್ಥಾನದ ವಿಲಿಯಮ್ಸ್ ಬೇ ಎಂಬ ಸಣ್ಣ ಊರಿನಲ್ಲಿ, ಕೆರೆಯೊಂದರ ಬದಿಯಲ್ಲಿದ್ದ ಆ ವೀಕ್ಷಣಾಲಯವೇ 1964ರವರೆಗೆ ಅವರ ನೆಲೆ.

1940ರ ದಶಕದ ನಡುವೆ ಅವರನ್ನು ಸೆಳೆದ ವಿಷಯ ಬೆಳಕಿನ ಸಂಚಾರ. ನಕ್ಷತ್ರದ ಒಳಗಿನಿಂದ ಹೊರಟ ಬೆಳಕು ನೇರವಾಗಿ ಹೊರಬರುವುದಿಲ್ಲ. ದಾರಿಯಲ್ಲಿ ಕಣಗಳಿಗೆ ತಾಗಿ ಚದುರಿ, ಮತ್ತೆ ಇನ್ನೊಂದಕ್ಕೆ ತಾಗಿ ಚದುರಿ, ಕೊನೆಗೆ ಹೊರಬೀಳುತ್ತದೆ. ಗ್ರಹದ ವಾಯುಮಂಡಲಕ್ಕೆ ಹೊರಗಿನಿಂದ ಬಿದ್ದ ಬೆಳಕಿನ ಗತಿಯೂ ಹೀಗೆಯೇ. ಒಂದು ಸಲ ಚದುರಿದರೆ ಏನಾಗುವುದೆಂಬುದನ್ನು ಲಾರ್ಡ್ ರ್‍ಯಾಲೆ ಅವರು 1871ರಲ್ಲಿಯೇ ಹೇಳಿದ್ದರು. ಆಕಾಶ ನೀಲಿಯಾಗಿರುವುದೇಕೆ, ಸೂರ್ಯನಿಂದ ಲಂಬಕೋನದಷ್ಟು ದೂರದ ಆಕಾಶದಲ್ಲಿ ಧ್ರುವೀಕರಣವು ಅತಿ ಹೆಚ್ಚಾಗಿರುವುದೇಕೆ ಎಂಬುದು ಅವರ ಸೂತ್ರದಿಂದ ತಿಳಿಯುತ್ತಿತ್ತು. ಆದರೆ ಆ ಸೂತ್ರಕ್ಕೆ ಒಗ್ಗದ ಸಂಗತಿಯೊಂದಿತ್ತು. ಧ್ರುವೀಕರಣವು ಪೂರ್ತಿಯಾಗಿ ಮಾಯವಾಗುವ ಮೂರು ಬಿಂದುಗಳು ಆಕಾಶದಲ್ಲಿವೆ. ಅವುಗಳಲ್ಲಿ ಎರಡು ಸೂರ್ಯನ ಮೇಲೆ ಕೆಳಗೆ, ಒಂದು ಸೂರ್ಯನಿಗೆ ಎದುರು ದಿಕ್ಕಿನ ಕಡೆ. ಅರಾಗೋ, ಬಾಬಿನೆ, ಬ್ರೂಸ್ಟರ್ ಎಂಬ ಮೂವರು ಕಂಡುಹಿಡಿದ ಈ ಬಿಂದುಗಳು ಅಲ್ಲಿಯೇ ಏಕಿವೆಯೆಂದು ಲೆಕ್ಕದಿಂದ ತೋರಿಸಲು ನೂರು ವರ್ಷ ಯಾರಿಂದಲೂ ಆಗಿರಲಿಲ್ಲ. ಬೆಳಕು ಮತ್ತೆ ಮತ್ತೆ ಚದುರುವುದನ್ನು ಅದರ ಧ್ರುವೀಕರಣದೊಡನೆ ಲೆಕ್ಕಕ್ಕೆ ತರುವುದು ಅಷ್ಟು ಕಷ್ಟದ ಕೆಲಸವಾಗಿತ್ತು.

ಎರಡು ಉಪಾಯಗಳು ಚಂದ್ರಶೇಖರ್ ಅವರ ಕೈಹಿಡಿದವು. ಮೊದಲನೆಯದು ಸೋವಿಯತ್ ದೇಶದ ಅಂಬಾರ್ತ್ಸುಮಿಯಾನ್ ಅವರು ಸೂಚಿಸಿದ್ದು. ಆಳವೇ ಇಲ್ಲದಷ್ಟು ದಪ್ಪನಾದ ಹತ್ತಿಯ ರಾಶಿಯ ಮೇಲೆ ಇನ್ನೊಂದು ತೆಳು ಪದರ ಹತ್ತಿಯನ್ನು ಹರಡಿದರೆ ರಾಶಿಯ ಬಿಳುಪು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ವಾಯುಮಂಡಲಕ್ಕೂ ಈ ಮಾತು ಸಲ್ಲುತ್ತದೆ. ಕೇಳಲು ಸರಳವಾದ ಈ ನಿಯಮದಿಂದ, ಒಳಗೆ ಬೆಳಕು ಸುತ್ತಾಡಿದ ದಾರಿಯನ್ನೆಲ್ಲ ಹಿಂಬಾಲಿಸದೆಯೇ ಹೊರಗೆ ಬರುವ ಬೆಳಕನ್ನು ನಿಖರವಾಗಿ ಲೆಕ್ಕ ಹಾಕಲು ಸಾಧ್ಯವಾಯಿತು. ಎರಡನೆಯದು ಸ್ಟೋಕ್ಸ್ ಅವರು 1852ರಲ್ಲಿ ಬರೆದು ಬಹುಮಟ್ಟಿಗೆ ಮರೆತುಹೋಗಿದ್ದ ಕ್ರಮ. ಬೆಳಕಿನ ತೀವ್ರತೆ, ಧ್ರುವೀಕರಣದ ಪ್ರಮಾಣ, ಅದರ ದಿಕ್ಕು ಇವೆಲ್ಲವನ್ನೂ ನಾಲ್ಕು ಸಂಖ್ಯೆಗಳಲ್ಲಿ ಅಡಗಿಸುವ ಆ ಕ್ರಮವನ್ನು ಚಂದ್ರಶೇಖರ್ ಹಳೆಯ ಸಂಪುಟದಿಂದ ಎತ್ತಿ ಮತ್ತೆ ಬಳಕೆಗೆ ತಂದರು.

ಲೇಖನದ ಮೇಲೆ ಲೇಖನ ಹೊರಬಂದಿತು. ನಾಲ್ಕೈದು ವರ್ಷಗಳ ಈ ದುಡಿಮೆಯೇ ತಮಗೆ ಅತಿ ಹೆಚ್ಚಿನ ತೃಪ್ತಿ ಕೊಟ್ಟಿತೆಂದು ಅವರು ಮುಂದೆ ನೆನೆಯುತ್ತಿದ್ದರು. 1950ರಲ್ಲಿ ವಿಕಿರಣದ ಸಾಗಣೆಯನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು. ಸೂರ್ಯನ ಬೆಳಕಿನಲ್ಲಿ ಆಕಾಶದ ಪ್ರತಿಯೊಂದು ಭಾಗವೂ ಎಷ್ಟು ಧ್ರುವೀಕೃತವಾಗಿರುತ್ತದೆಂಬುದರ ಕೋಷ್ಟಕಗಳು 1954ರಲ್ಲಿ ಬಂದವು. ಹಳೆಯ ಮೂರು ಬಿಂದುಗಳು ಲೆಕ್ಕದಲ್ಲಿಯೂ ತಮ್ಮ ಸ್ಥಾನಗಳಲ್ಲಿಯೇ ಮೂಡಿದವು. ಈ ಕೋಷ್ಟಕಗಳ ಹಿಂದೆ ಡಾನಾ ಎಲ್ಬರ್ಟ್ ಎಂಬ ಮಹಿಳೆಯ ಅಪಾರ ಶ್ರಮವಿದೆ. ವಿದ್ಯುನ್ಮಾನ ಗಣಕಗಳು ಇನ್ನೂ ವಿರಳವಾಗಿದ್ದ ಆ ಕಾಲದಲ್ಲಿ, ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ ಅವರು ಸಾವಿರಾರು ಅಂಕಿಗಳನ್ನು ತೆಗೆದರು. ಚಂದ್ರಶೇಖರ್ ಅವರ ಹೆಸರಿನ ಜೊತೆಗೆ ಆ ಪ್ರಕಟಣೆಯ ಮೇಲೆ ಎಲ್ಬರ್ಟ್ ಅವರ ಹೆಸರೂ ಇದೆ.

1946ರಲ್ಲಿಯೇ ಅವರು ಒಂದು ಭವಿಷ್ಯವನ್ನೂ ನುಡಿದಿದ್ದರು. ಬಿಸಿಯಾದ ನಕ್ಷತ್ರಗಳ ಹೊರಪದರದಲ್ಲಿ ಎಲೆಕ್ಟ್ರಾನುಗಳು ಬೆಳಕನ್ನು ಚದುರಿಸುವುದರಿಂದ, ನಕ್ಷತ್ರಬಿಂಬದ ಅಂಚಿನ ಬೆಳಕು ಧ್ರುವೀಕೃತವಾಗಿರಬೇಕು; ಅದರ ಪ್ರಮಾಣ ಶೇಕಡಾ 11.7ರವರೆಗೆ ಹೋಗಬಹುದು. ಇದನ್ನು ಅಳೆಯಲು ಒಂದು ತೊಡಕಿದೆ. ನಕ್ಷತ್ರವು ದೂರದಿಂದ ಚುಕ್ಕೆಯಾಗಿ ಕಾಣುತ್ತದೆ. ಅಂಚಿನ ಮೇಲು, ಕೆಳಗು, ಎಡ, ಬಲಗಳ ಕಂಪನಗಳೆಲ್ಲ ಒಂದರೊಡನೊಂದು ಸೇರಿ, ಒಂದನ್ನೊಂದು ಕಳೆದು, ಕೊನೆಗೆ ಸೊನ್ನೆಯೇ ಉಳಿಯುತ್ತದೆ. ಆದರೆ ಜೋಡಿ ನಕ್ಷತ್ರಗಳಲ್ಲಿ ಒಂದು ಇನ್ನೊಂದನ್ನು ಗ್ರಹಣದಂತೆ ಮರೆಮಾಡಿದಾಗ ಅಂಚಿನ ಒಂದು ಭಾಗ ಮುಚ್ಚಿಹೋಗುತ್ತದೆ. ಸಮತೋಲ ತಪ್ಪಿ, ಉಳಿದ ಅಂಚಿನ ಧ್ರುವೀಕರಣ ಆಗ ಗೋಚರವಾಗಬೇಕು.

ಇದನ್ನು ಹುಡುಕಲು ಹೊರಟ ಹಿಲ್ಟ್‌ನರ್ ಮತ್ತು ಹಾಲ್ ಎಂಬ ಖಗೋಳವಿಜ್ಞಾನಿಗಳಿಗೆ ಧ್ರುವೀಕರಣವೇನೋ ಸಿಕ್ಕಿತು. ಆದರೆ ಗ್ರಹಣವಿಲ್ಲದಾಗಲೂ ಅದು ಹಾಗೆಯೇ ಇತ್ತು! ನಕ್ಷತ್ರಗಳ ನಡುವಣ ಬಯಲಿನಲ್ಲಿ ತೇಲುವ ಧೂಳಿನ ಕಣಗಳು ಬೆಳಕನ್ನು ಧ್ರುವೀಕರಿಸುತ್ತವೆಯೆಂಬ, ಯಾರೂ ಎಣಿಸಿರದ ಸಂಗತಿಯನ್ನು ಅವರು 1949ರಲ್ಲಿ ಲೋಕಕ್ಕೆ ತಿಳಿಸಿದರು. ಚಂದ್ರಶೇಖರ್ ನುಡಿದಿದ್ದ ಧ್ರುವೀಕರಣವು ಆಲ್ಗಾಲ್ ಎಂಬ ಜೋಡಿ ನಕ್ಷತ್ರದಲ್ಲಿ ಕಂಡದ್ದು 1983ರಲ್ಲಿ. ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆತದ್ದೂ ಅದೇ ವರ್ಷ. ನಕ್ಷತ್ರಗಳ ರಚನೆ ಮತ್ತು ವಿಕಾಸವನ್ನು ಕುರಿತ ಅಧ್ಯಯನಗಳಿಗಾಗಿ.

ಅಷ್ಟರಲ್ಲಿ ಧ್ರುವೀಕೃತ ಬೆಳಕು ಸೌರವ್ಯೂಹದ ಗ್ರಹವೊಂದರ ಗುಟ್ಟನ್ನು ಹೊರಗೆಡವಿತ್ತು. ಶುಕ್ರಗ್ರಹವನ್ನು ಮುಚ್ಚಿರುವ ಮೋಡಗಳು ಯಾವುದರಿಂದ ಆದವೆಂದು ಬಹುಕಾಲ ತಿಳಿದಿರಲಿಲ್ಲ. ಫ್ರಾನ್ಸಿನ ಲಿಯೋ ಅವರು 1920ರ ದಶಕದಲ್ಲಿ ಶುಕ್ರನ ಬೆಳಕಿನ ಧ್ರುವೀಕರಣವನ್ನು ಅಳೆದಿಟ್ಟಿದ್ದರು. 1974ರಲ್ಲಿ ಹ್ಯಾನ್ಸನ್ ಮತ್ತು ಹೋವನೀರ್ ಅವರು ಇಂಥ ಅಳತೆಗಳಿಗೆ ಹೊಂದುವ ಲೆಕ್ಕವನ್ನು ಮಾಡಿ, ಆ ಮೋಡಗಳು ಸುಮಾರು ಒಂದು ಮೈಕ್ರಾನ್ ತ್ರಿಜ್ಯದ ದುಂಡು ಹನಿಗಳೆಂದೂ ಅವುಗಳ ಗುಣವು ಗಂಧಕಾಮ್ಲದ ದ್ರಾವಣಕ್ಕೆ ಸರಿಹೋಗುವುದೆಂದೂ ತೋರಿಸಿದರು. ನೀರಿನ ಹನಿಗಳಾಗಿದ್ದರೆ ಧ್ರುವೀಕರಣದ ಏರಿಳಿತವು ಬೇರೆಯಾಗಿರುತ್ತಿತ್ತು.

ಚಂದ್ರಶೇಖರ್ ಅವರಾದರೋ ಅಷ್ಟು ಹೊತ್ತಿಗೆ ಬೆಳಕಿನ ಕ್ಷೇತ್ರವನ್ನು ಬಿಟ್ಟು ದ್ರವಗಳ ಚಲನೆಯನ್ನೂ ತಿರುಗುವ ಗೋಳಗಳ ಆಕಾರವನ್ನೂ ಮುಗಿಸಿ ಕಪ್ಪು ಕುಳಿಗಳ ಗಣಿತದಲ್ಲಿದ್ದರು. 1952ರಿಂದ 1971ರವರೆಗೆ ಖಭೌತವಿಜ್ಞಾನದ ಪ್ರಮುಖ ಪತ್ರಿಕೆಯೊಂದರ ಸಂಪಾದಕತ್ವವನ್ನೂ ಅವರು ಹೊತ್ತಿದ್ದರು. 1968ರಲ್ಲಿ ಭಾರತ ಸರ್ಕಾರವು ಪದ್ಮವಿಭೂಷಣವನ್ನಿತ್ತು ಗೌರವಿಸಿತು. ಎಂಬತ್ತು ದಾಟಿದ ಮೇಲೆ ನ್ಯೂಟನ್ನನ ಮಹಾಗ್ರಂಥವನ್ನು ಇಂದಿನ ಓದುಗರಿಗೆ ವಿವರಿಸುವ ಕೆಲಸವನ್ನು ಕೈಗೊಂಡು, ಅದನ್ನು ಮುಗಿಸಿದರು. 1995ರ ಆಗಸ್ಟ್ 21ರಂದು ಷಿಕಾಗೋ ನಗರದಲ್ಲಿ ಅವರು ನಿಧನರಾದರು.

ಅದೇ ವರ್ಷ ಅಕ್ಟೋಬರ್ 6ರಂದು ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋ ಅವರು, ಸೂರ್ಯನಂಥ ನಕ್ಷತ್ರವೊಂದನ್ನು ಸುತ್ತುವ ಗ್ರಹವನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ಈಗ ಇಂಥ ಗ್ರಹಗಳ ಎಣಿಕೆ ಸಾವಿರಗಳನ್ನು ದಾಟಿದೆ. ಬಹುಪಾಲನ್ನು ಯಾರೂ ನೇರವಾಗಿ ನೋಡಿಲ್ಲ. ನಕ್ಷತ್ರದ ಓಲಾಟದಿಂದಲೋ ಗ್ರಹ ಅಡ್ಡಬಂದಾಗ ನಕ್ಷತ್ರದ ಬೆಳಕು ಕುಗ್ಗುವುದರಿಂದಲೋ ಅವುಗಳ ಇರವು ತಿಳಿದಿದೆ. ಗುರುಗ್ರಹವು ಪ್ರತಿಫಲಿಸುವ ಬೆಳಕು ಸೂರ್ಯನ ಬೆಳಕಿನ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ. ಬಸವನಗುಡಿಯ ಕಡಲೆಕಾಯಿ ಪರಿಷೆಯ ದೀಪಗಳ ನಡುವೆ ಒಂದು ಮಿಣುಕುಹುಳುವನ್ನು ಹುಡುಕುವುದು ಇದಕ್ಕಿಂತ ಸುಲಭ.

ಇಲ್ಲಿ ಧ್ರುವೀಕರಣವು ನೆರವಿಗೆ ಬರುತ್ತದೆ. ನಕ್ಷತ್ರದ ಬೆಳಕು, ಮೇಲೆ ಹೇಳಿದ ಕಾರಣದಿಂದ, ಒಟ್ಟಿನಲ್ಲಿ ಧ್ರುವೀಕೃತವಲ್ಲ. ಗ್ರಹದ ವಾಯುಮಂಡಲದಲ್ಲಿ ಚದುರಿ ಬಂದ ಬೆಳಕು ಧ್ರುವೀಕೃತವಾದುದು. ಧ್ರುವೀಕೃತ ಭಾಗವನ್ನು ಮಾತ್ರ ಆರಿಸಿ ಅಳೆದರೆ ನಕ್ಷತ್ರದ ಪ್ರಖರತೆ ಬದಿಗೆ ಸರಿಯುತ್ತದೆ. ಗ್ರಹದ ಗುರುತು ಉಳಿಯುತ್ತದೆ. ಗ್ರಹವು ಸುತ್ತುತ್ತ ಅರ್ಧಚಂದ್ರನಂತೆ ಬೆಳಗುವ ಸ್ಥಾನಕ್ಕೆ ಬಂದಾಗ ಧ್ರುವೀಕರಣ ಹೆಚ್ಚಿ, ಮುಂದೆ ಕುಗ್ಗುತ್ತದೆ. ಈ ಏರಿಳಿತದಿಂದ ಗ್ರಹದ ಕಕ್ಷೆ ಎಷ್ಟು ಓರೆಯಾಗಿದೆಯೆಂಬುದನ್ನೂ ಮೋಡಗಳಿವೆಯೇ ಎಂಬುದನ್ನೂ ಊಹಿಸಬಹುದು. ನೀರಿನ ಹನಿಗಳ ಮೋಡವಿದ್ದರೆ, ಕಾಮನಬಿಲ್ಲು ಮೂಡುವ ಕೋನದಲ್ಲಿ ಧ್ರುವೀಕರಣವು ವಿಶೇಷವಾಗಿ ಏರಬೇಕು.

ಕೋರಮಂಗಲದ ಸಂಸ್ಥೆಯ ಸುಜನ್ ಸೇನ್‌ಗುಪ್ತ ಅವರು ಅನೇಕ ವರ್ಷಗಳಿಂದ ಈ ಲೆಕ್ಕಗಳಲ್ಲಿ ತೊಡಗಿದವರು. ತಾನೇ ಬೆಳಗುವಷ್ಟು ಬಿಸಿಯಾದ ಗ್ರಹದ ಮುಂದೆ ಅದರ ಉಪಗ್ರಹವೊಂದು ಹಾಯ್ದರೆ ಧ್ರುವೀಕರಣದ ಸಮತೋಲ ತಪ್ಪುವುದೆಂದು ಅವರೂ ಅಮೆರಿಕೆಯ ಮಾರ್ಕ್ ಮಾರ್ಲಿ ಅವರೂ 2016ರಲ್ಲಿ ತೋರಿಸಿದರು. ಗ್ರಹಣವಾದಾಗ ಸಮತೋಲ ತಪ್ಪುವುದೆಂಬ 1946ರ ವಿಚಾರವೇ ಇಲ್ಲಿ ನಕ್ಷತ್ರದಿಂದ ಗ್ರಹಕ್ಕೆ ಇಳಿದಿದೆ. 2021ರಲ್ಲಿ ಸೇನ್‌ಗುಪ್ತ ಮತ್ತು ಅರಿತ್ರ ಚಕ್ರವರ್ತಿಯವರು, ಗ್ರಹದ ಬಿಂಬದ ಭಾಗ ಭಾಗದಿಂದ ಬರುವ ಧ್ರುವೀಕೃತ ಬೆಳಕನ್ನು ಲೆಕ್ಕ ಹಾಕಿ ಒಟ್ಟುಗೂಡಿಸುವ ಗಣಕವಿಧಾನವನ್ನು ಪ್ರಕಟಿಸಿದರು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ಇದೇ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. 2000ದಲ್ಲಿ ಮೊದಲ ಬೆಳಕು ಕಂಡ ಆ ದೂರದರ್ಶಕಕ್ಕೆ ಚಂದ್ರಶೇಖರ್ ಅವರ ಹೆಸರನ್ನು ಇಟ್ಟಿದ್ದಾರೆ.

ಲೆಕ್ಕ ಮುಂದೆ ನಡೆದಿದೆ, ಅಳತೆ ಹಿಂದೆ ಉಳಿದಿದೆ. ಯೂರೋಪಿನ ಒಂದು ತಂಡವು 2008ರಲ್ಲಿ ಅನ್ಯ ನಕ್ಷತ್ರದ ಗ್ರಹವೊಂದರ ಧ್ರುವೀಕೃತ ಬೆಳಕು ಸಿಕ್ಕಿತೆಂದು ಸಾರಿದಾಗ ಬೇರೆಯವರ ಅಳತೆಗಳು ಅದಕ್ಕೆ ಒಪ್ಪಲಿಲ್ಲ. ಹತ್ತು ಲಕ್ಷದಲ್ಲಿ ಕೆಲವೇ ಪಾಲುಗಳನ್ನು ಅಳೆಯಬೇಕಾದ ಕೆಲಸವಿದು. ನಕ್ಷತ್ರದ ಮೇಲಿನ ಕಲೆಗಳೂ ಅಷ್ಟೇ ಧ್ರುವೀಕರಣವನ್ನು ಉಂಟುಮಾಡಿ ಮೋಸಗೊಳಿಸಬಲ್ಲವು. ಇಂಥ ಗ್ರಹಗಳ ಬೆಳಕನ್ನು ಹುಡುಕುವ ಆಸೆಯಿಂದ ಆಸ್ಟ್ರೇಲಿಯದಲ್ಲಿ ಅತಿ ಸೂಕ್ಷ್ಮವಾದ ಉಪಕರಣವೊಂದನ್ನು ಕಟ್ಟಿದರು. ಎಲ್ಲರೂ ಒಪ್ಪುವಂಥ ಗ್ರಹದ ಬೆಳಕು ಅದಕ್ಕೆ ದೊರೆಯಲಿಲ್ಲ. ಆದರೆ 2017ರಲ್ಲಿ ಅದರಿಂದ ಮಖಾ ನಕ್ಷತ್ರವನ್ನು ನೋಡಿದಾಗ, ಅತಿ ವೇಗವಾಗಿ ತಿರುಗಿ ಚಪ್ಪಟೆಯಾದ ಆ ನಕ್ಷತ್ರದ ಅಂಚಿನ ಕಂಪನಗಳು ಒಂದನ್ನೊಂದು ಪೂರ್ತಿಯಾಗಿ ಕಳೆಯದೆ ಉಳಿದದ್ದು ಕಾಣಿಸಿತು. ಅದು ಚಂದ್ರಶೇಖರ್ ಅವರ ಧ್ರುವೀಕರಣ. ಫೆಬ್ರವರಿಯ ರಾತ್ರಿ ಎಂಟರ ಮೇಲೆ, ಮಡಿವಾಳದ ಕೆರೆಯ ದಂಡೆಯಿಂದ ಪೂರ್ವಕ್ಕೆ ತಿರುಗಿ ನೋಡಿದರೆ, ನಗರದ ದೀಪಗಳ ಮೇಲೆಯೂ ಆ ನಕ್ಷತ್ರ ಕಾಣುತ್ತದೆ.